ಐದು ಸ್ಯಾಕ್ಸೊಫೋನು, ಒಂದು ಉಸಿರು: ನನ್ನ ಅನುಭವ

ಬೆನ್ನಿ ಕಾರ್ಟರ್ (1907–2003) ಆಲ್ಟೊ ಸ್ಯಾಕ್ಸೊಫೋನು ನುಡಿಸಿ, ಬಿಗ್ ಬ್ಯಾಂಡ್ (ಜಾಝ್‌ನ ದೊಡ್ಡ ವಾದ್ಯತಂಡ) ನಡೆಸಿ, ಅದಕ್ಕೆ ಬೇಕಾದದ್ದನ್ನು ತಾವೇ ಬರೆದುಕೊಂಡವರು. 1936ರಿಂದ 1938ರವರೆಗೆ ಲಂಡನ್ನಿನಲ್ಲಿ ಬಿಬಿಸಿಯ ಡಾನ್ಸ್ ಆರ್ಕೆಸ್ಟ್ರಾಕ್ಕೂ ಬರೆದರು. ಸ್ಯಾಕ್ಸ್ ಸೋಲಿ, ಅಂದರೆ ಸ್ಯಾಕ್ಸೊಫೋನುಗಳು ಒಟ್ಟಾಗಿ ಮುಂದೆ ನಿಂತು ನುಡಿಸುವ ಭಾಗ, ಅವರ ಹೆಗ್ಗುರುತು: ಎರಡು ಆಲ್ಟೊ, ಎರಡು ಟೆನರ್, ಒಂದು ಬ್ಯಾರಿಟೋನ್ ಇರುವ ಇಡೀ ಸಾಲು ಸೇರಿ ನುಡಿಸಿದರೂ ಒಬ್ಬರೇ ಮನೋಧರ್ಮದಿಂದ ನುಡಿಸಿದಂತಿರುತ್ತದೆ. ಅವರನ್ನು ಕೇಳಿ ನಾನು ರೂಢಿಸಿಕೊಂಡ ಕ್ರಮ ಇದು.

ಮೊದಲು ಲೀಡ್ ಆಲ್ಟೊ, ಅಂದರೆ ಎಲ್ಲರಿಗಿಂತ ಮೇಲಿನ ಮುಖ್ಯ ಧಾಟಿ ನುಡಿಸುವ ಆಲ್ಟೊದ ಸಾಲನ್ನಷ್ಟೇ ಬರೆಯುತ್ತೇನೆ. ಅದೊಂದೇ ರುಚಿಸದಿದ್ದರೆ ಕೆಳಗೆ ಏನು ಪೇರಿಸಿದರೂ ದಂಡ. ಆಮೇಲೆ ಲೀಡ್ ಸೇರಿ ಒತ್ತಾಗಿ ನಾಲ್ಕು ಸ್ವರ, ಲೀಡಿನ ಒಂದು ಸ್ಥಾಯಿ ಕೆಳಗೆ ಬ್ಯಾರಿಟೋನ್. ಎಫ್ ಸಿಕ್ಸ್ತ್ ಕಾರ್ಡ್ (ಎಫ್, ಎ, ಸಿ, ಡಿ ಒಟ್ಟಿಗೆ ನುಡಿಯುವ ಸ್ವರಗುಂಪು) ತೆಗೆದುಕೊಳ್ಳಿ: ಪಿಯಾನೊ ಲೆಕ್ಕದಲ್ಲಿ ಮೇಲಿನಿಂದ ಎ, ಎಫ್, ಡಿ, ಸಿ, ಮತ್ತೆ ಎ. ಸ್ಯಾಕ್ಸಿಗೆ ಕಾಗದದಲ್ಲಿ ಬರೆಯುವ ಸ್ವರದ ಹೆಸರು ಪಿಯಾನೊದ್ದಕ್ಕಿಂತ ಬೇರೆ; ಲೀಡಿಗೂ ಬ್ಯಾರಿಟೋನಿಗೂ ಅಲ್ಲಿ ಬರುವುದು ಒಂದೇ ಎಫ್ ಶಾರ್ಪ್. ಹಾಗಾಗಿ ಅಭ್ಯಾಸ ಇವರಿಬ್ಬರಿಂದಲೇ ಶುರು. ಇಬ್ಬರ ಶ್ರುತಿ ಕೂಡಿದ ಮೇಲೆ ಉಳಿದ ಮೂವರು. ಲೀಡ್ ಎತ್ತರಕ್ಕೆ ಏರಿದಾಗ ಒತ್ತು ಜೋಡಣೆ ಕೀರಲಾಗುತ್ತದೆ. ಅಲ್ಲಿ ಮೇಲಿನಿಂದ ಎರಡನೆಯ ಸ್ವರವನ್ನು ಒಂದು ಸ್ಥಾಯಿ ಇಳಿಸುತ್ತೇನೆ.

ಇದೇ ಕಾರ್ಡಿನಲ್ಲಿ ಎರಡನೆಯ ಆಲ್ಟೊ, ಎರಡನೆಯ ಟೆನರ್ ಇಬ್ಬರಿಗೂ ಕಾಗದದಲ್ಲಿ ಬೀಳುವುದು ಆಕ್ಟೇವ್ ಕೀ (ಸ್ವರವನ್ನು ಮೇಲಿನ ಸ್ಥಾಯಿಗೆ ಏರಿಸುವ ಕೀಲಿ) ಒತ್ತಿ ಹಿಡಿಯುವ ಡಿ. ಸ್ಯಾಕ್ಸಿನಲ್ಲಿ ಅದು ಶ್ರುತಿಗಿಂತ ಮೇಲೇಳುವ ಸ್ವರ. ಮೌತ್‌ಪೀಸ್ ಹೊರಗೆಳೆದರೆ ಉಳಿದೆಲ್ಲ ಸ್ವರ ಕೆಳಗಿಳಿಯುತ್ತದೆ, ಕಾಯಿಲೆ ಹಾಗೇ ಉಳಿಯುತ್ತದೆ. ದವಡೆ ಸಡಿಲಿಸಬೇಕು, ಸ್ವರ ಉದ್ದವಾಗಿದ್ದರೆ ಜೊತೆಗೆ ಕೆಳಗಿನ ಬಿ ಕೀ ಒತ್ತಬಹುದು.

ನಾಲಿಗೆಯ ಕೆಲಸ ಇದಕ್ಕಿಂತ ಕಠಿಣ. ಎಂಟನೇ ಭಾಗದ, ಅಂದರೆ ಪೆಟ್ಟಿಗೆ ಎರಡರಂತೆ ಬರುವ ಸ್ವರಗಳಲ್ಲಿ ಪೆಟ್ಟಿನ ನಡುವೆ ಬರುವುದಕ್ಕೆ ನಾಲಿಗೆ ಮುಟ್ಟಿಸಿ, ಮುಂದಿನ ಪೆಟ್ಟಿಗೆ ಬಿಡದೆ ಜಾರಬೇಕು. ಪ್ರತಿ ಸ್ವರಕ್ಕೂ ನಾಲಿಗೆ ತಾಗಿದರೆ ಸ್ವಿಂಗ್ (ಜಾಝ್‌ನ ತೂಗುವ ಲಯ) ಹೋಗಿ ಪೊಲೀಸ್ ಬ್ಯಾಂಡಿನ ನಡೆ ಬರುತ್ತದೆ. ಉಸಿರೆಳೆಯುವ ಜಾಗ, ಸ್ವರ ನಿಲ್ಲಿಸುವ ಜಾಗ ಎರಡನ್ನೂ ಪೆನ್ಸಿಲಿನಲ್ಲಿ ಗುರುತು ಹಾಕಿಸುತ್ತೇನೆ. ಸಾಲು ಚದುರುವುದು ಹೆಚ್ಚಾಗಿ ಸ್ವರದ ಕೊನೆಯಲ್ಲಿ.

ಕದ್ರಿ ಗೋಪಾಲನಾಥರ ಆಲ್ಟೊ ಕೇಳಿ ಬೆಳೆದ ಕಿವಿಗೆ ಜಾರು, ಕಂಪಿತ ಸಹಜವಾಗಿ ಬಂದುಬಿಡುತ್ತದೆ. ಸೋಲಿಯಲ್ಲಿ ಅದನ್ನು ನಿರ್ಧರಿಸುವ ಹಕ್ಕು ಲೀಡಿನದು ಮಾತ್ರ. ವೈಬ್ರೇಟೊ (ಸ್ವರದ ಅಲುಗಾಟ) ಎಷ್ಟು ಅಗಲ, ಎಲ್ಲಿಂದ ಶುರು ಎಂಬುದನ್ನು ಉಳಿದವರು ಅವರಿಂದ ಹಿಡಿಯಬೇಕು. ಬ್ಯಾರಿಟೋನಿಗೆ ನಾನು ವೈಬ್ರೇಟೊ ಕೊಡುವುದೇ ಇಲ್ಲ.