ಮಳೆ ಹಿಡಿದು ಲಂಕೆ ನೋಡುವುದು

ನಮ್ಮ ಕಡೆ ಇಬ್ಬರು ಬೆಳೆಗಾರರು ಎದುರಾದರೆ ಮೊದಲು ಕೇಳುವುದು, "ನಿಮ್ಮಲ್ಲಿ ಮಳೆ ಎಷ್ಟು ಇಂಚಾಯ್ತು?" ಅಂತ. ಆರೋಗ್ಯ, ಮಕ್ಕಳ ಓದು ಎಲ್ಲ ಆಮೇಲೆ. ಮೂಡಿಗೆರೆ ಹತ್ತಿರ ಎಂಟು ಎಕರೆ ರೊಬಸ್ಟಾ ಕಾಫಿ ಇಟ್ಟುಕೊಂಡಿರುವ ನಾನು, ಶ್ರೀಲಂಕಾಕ್ಕೆ ಮೊದಲ ಸಲ ಹೊರಟಾಗ ಅದೊಂದನ್ನೇ ಕೇಳದೆ ಹೋದೆ. ನವೆಂಬರ್ ಕೊನೆ. ಕೊಯ್ಲಿಗೆ ಇನ್ನೂ ಪುರುಸೊತ್ತಿತ್ತು, ನಮ್ಮಲ್ಲಿ ಮಳೆ ಮುಗಿದಿತ್ತು, ಅಲ್ಲೂ ಮುಗಿದಿರುತ್ತೆ ಅಂದುಕೊಂಡೆ. ಅನುರಾಧಪುರದಲ್ಲಿ ಇಳಿದ ಸಂಜೆ ಹಿಡಿದದ್ದು ನಾಲ್ಕು ದಿನ ಬಿಡಲಿಲ್ಲ. ಆನೆ ನೋಡಲು ಮಿನ್ನೇರಿಯಕ್ಕೆ ಹೋದರೆ ಕೆರೆಯಂಗಳದ ತುಂಬ ನೀರು. ಆನೆ ಒಂದೂ ಇಲ್ಲ, ಜೀಪಿನ ಬಾಡಿಗೆ ಮಾತ್ರ ಪೂರ್ತಿ.

ಎರಡನೇ ಸಲ ಆಗಸ್ಟ್‌ನಲ್ಲಿ ಹೋದೆ. ಆಗ ಹೊಳೆಯಿತು: ಈ ದೇಶವನ್ನು ಮಳೆ ಹಿಡಿದು ನೋಡಿದರೆ ನೆಲ, ಬೆಳೆ, ಜನ, ಪ್ರಾಣಿ ಎಲ್ಲ ತಾವಾಗಿಯೇ ಜೋಡಿಕೊಳ್ಳುತ್ತವೆ. ಮೊದಲ ಸಲ ಹೋಗುವವರಿಗೆ ನಾನು ಹೇಳಿಕೊಡುವ ಕ್ರಮವೂ ಅದೇ.

ಹೊರಡುವ ಮುಂಚೆ ಒಂದು ನಕಾಶೆ ಎದುರಿಗಿಟ್ಟುಕೊಳ್ಳಿ. ದ್ವೀಪ ದೊಡ್ಡದೇನಲ್ಲ, 65,610 ಚದರ ಕಿಲೋಮೀಟರ್. ಕರ್ನಾಟಕದ ಮೂರನೇ ಒಂದು ಭಾಗ ಅಂದುಕೊಳ್ಳಿ. ಪಶ್ಚಿಮ ಕರಾವಳಿಯ ನೆಗೊಂಬೊದಿಂದ ಪೆನ್ಸಿಲ್ ಹಿಡಿದು ಕ್ಯಾಂಡಿ, ನುವರ ಎಲಿಯ ದಾಟಿಸಿ, ದಕ್ಷಿಣ ತುದಿಯ ಮಾತರಕ್ಕೆ ಕಮಾನಿನ ಹಾಗೆ ಗೀಚಿ. ಗೆರೆಯ ಒಳಗಿನದು ತೇವದ ಸೀಮೆ, ವರ್ಷಕ್ಕೆ ನೂರು ಇಂಚು ಮತ್ತು ಮೇಲೆ. ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ನಮ್ಮ ಮುಂಗಾರೇ ಅಲ್ಲೂ ಹೊಡೆಯುತ್ತದೆ. ಗೆರೆಯ ಆಚೆ ಉತ್ತರ, ಪೂರ್ವ ಎಲ್ಲ ಒಣಸೀಮೆ. ಒಣ ಅಂದರೂ ನಮ್ಮ ಬಯಲುಸೀಮೆಯ ಎಷ್ಟೋ ತಾಲ್ಲೂಕುಗಳಿಗಿಂತ ಹೆಚ್ಚೇ ಬೀಳುತ್ತದೆ. ಆದರೆ ಬಹುಪಾಲು ಅಕ್ಟೋಬರ್‌ನಿಂದ ಜನವರಿಯೊಳಗೆ ಸುರಿದು ಮುಗಿಯುತ್ತದೆ. ಉಳಿದ ತಿಂಗಳು ಏನು ಮಾಡುವುದು? ಅದಕ್ಕೆ ಉತ್ತರ ಕೆರೆ.

ಹಾಗಾಗಿ ಪ್ರವಾಸವನ್ನು ಕೊಲಂಬೊದಲ್ಲಿ ಶುರು ಮಾಡಬೇಡಿ. ಇಳಿದವರೇ ಒಣಸೀಮೆಯ ಹಳೇ ರಾಜಧಾನಿಗಳಾದ ಅನುರಾಧಪುರ, ಪೊಲೊನ್ನರುವದ ಕಡೆ ಹೋಗಿ. ಎಲ್ಲರೂ ಸ್ತೂಪ ತೋರಿಸುತ್ತಾರೆ, ನೋಡಿ. ಆದರೆ ಒಂದು ಬೆಳಿಗ್ಗೆಯನ್ನು ಕೆರೆ ಏರಿಗೆ ಇಡಿ. ಐದನೇ ಶತಮಾನದಲ್ಲಿ ಧಾತುಸೇನ ರಾಜ ಕಟ್ಟಿಸಿದ ಕಲಾವೆವ ಕೆರೆಯಿಂದ ಅನುರಾಧಪುರಕ್ಕೆ ನೀರು ತರುವ ಕಾಲುವೆ 87 ಕಿಲೋಮೀಟರ್ ಉದ್ದ. ಅದರ ಮೊದಲ ಭಾಗದಲ್ಲಿ ಇಳಿಜಾರು ಮೈಲಿಗೆ ಸುಮಾರು 6 ಇಂಚು ಅಷ್ಟೇ. ತೋಟದಲ್ಲಿ ಇನ್ನೂರು ಅಡಿ ಬಸಿಗಾಲುವೆ ತೆಗೆಸುವಾಗ ಎರಡು ಸಲ ನೀರು ಹಿಂದಕ್ಕೆ ಹರಿಸಿಕೊಂಡವನು ನಾನು. ಆ ಲೆಕ್ಕ ಕೇಳಿ ಸುಮ್ಮನೆ ನಿಂತೆ. ನಮ್ಮನೆಯವಳು ಕಡೂರು ಕಡೆಯವಳು, ಅಯ್ಯನಕೆರೆ ನೋಡಿ ಬೆಳೆದವಳು. ಏರಿ ಹತ್ತಿದವಳೇ ಸೀದಾ ತೂಬು ಹುಡುಕಿಕೊಂಡು ಹೋದಳು. ಏರಿಯ ಒಳಮೈಗೆ ಕಲ್ಲು ಕಟ್ಟಿದ ಚೌಕದ ಗುಂಡಿ, ಅದಕ್ಕೆ ಬಿಸೋಕೊಟುವ ಅನ್ನುತ್ತಾರೆ. ದೊಡ್ಡ ಕೆರೆಯ ನೀರು ಒತ್ತಡದಲ್ಲಿ ನುಗ್ಗಿ ಏರಿಯನ್ನೇ ಕೊರೆಯದಂತೆ, ಮೊದಲು ಈ ಗುಂಡಿಯಲ್ಲಿ ಅದರ ಸೊಕ್ಕು ಇಳಿಸಿ ಆಮೇಲೆ ಹೊರಗೆ ಬಿಡುವ ಉಪಾಯ. "ನಮ್ಮ ತೂಬಿಗಿಂತ ಜಾಣತನ ಕಣ್ರೀ" ಅಂದಳು. ಕಡೂರಿನವರು ಇನ್ನೊಬ್ಬರ ಕೆರೆ ಹೊಗಳುವುದು ಅಪರೂಪ. ಪೊಲೊನ್ನರುವದ ಪರಾಕ್ರಮ ಸಮುದ್ರ ಅನ್ನುವ ಕೆರೆ ಹನ್ನೆರಡನೇ ಶತಮಾನದ್ದು. ಬಿದ್ದ ಒಂದು ಹನಿಯೂ ಜನಕ್ಕೆ ಒದಗದೆ ಸಮುದ್ರ ಸೇರಬಾರದು ಅಂತ ಅದನ್ನು ಕಟ್ಟಿಸಿದ ರಾಜ ಪರಾಕ್ರಮಬಾಹು ಹೇಳಿದ್ದನೆಂದು ಪ್ರತೀತಿ.

ಬಸ್ಸಿನಲ್ಲಿ ಕೂತಾಗ ಊರಿನ ಬೋರ್ಡು ಓದುತ್ತಾ ಹೋಗಿ, ಅರ್ಧ ಭೂಗೋಳ ಅದರಲ್ಲೇ ಸಿಗುತ್ತದೆ. ವೆವ ಅಂದರೆ ಕೆರೆ, ಓಯ ಅಂದರೆ ಹೊಳೆ, ಕಂದ ಅಂದರೆ ಬೆಟ್ಟ, ಗಮ ಅಂದರೆ ಗ್ರಾಮ. ಹಂಬನ್‌ತೊಟ ಅಂತ ಕಂಡರೆ ಕನ್ನಡದ ಕಿವಿಗೆ ತೋಟ ಕೇಳಿಸುತ್ತದೆ, ಅಲ್ಲ. ತೊಟ ಅಂದರೆ ದೋಣಿ ಕಟ್ಟುವ ಕಡವು, ರೇವು. ತೋಟಕ್ಕೆ ಅವರು ವತ್ತ ಅನ್ನುತ್ತಾರೆ. ಸಿಂಹಳ ಲಿಪಿ ನಮ್ಮದರ ಹಾಗೇ ದುಂಡಗೆ, ಓದಬಹುದೇನೋ ಅನ್ನಿಸಿ ಮೋಸ ಮಾಡುತ್ತದೆ.

ಮಿನ್ನೇರಿಯದ ಕೆರೆ ಮಹಾಸೇನ ರಾಜ ಕಟ್ಟಿಸಿದ್ದು. ಆಗಸ್ಟ್, ಸೆಪ್ಟೆಂಬರ್‌ನಲ್ಲಿ ನೀರು ಇಳಿದಂತೆ ಅಂಗಳದಲ್ಲಿ ಎಳೆ ಹುಲ್ಲು ಚಿಗುರುತ್ತದೆ. ಸುತ್ತಲಿನ ಕಾಡಿನ ಆನೆಗಳು ಇನ್ನೂರು ಮುನ್ನೂರರ ಲೆಕ್ಕದಲ್ಲಿ ಅಲ್ಲಿಗೆ ಬರುತ್ತವೆ. ಈಚೆಗೆ ಮೇಲಿನ ಅಣೆಕಟ್ಟಿನ ನೀರು ಬಿಟ್ಟು ಈ ಒಣ ತಿಂಗಳಲ್ಲೂ ಕೆರೆ ತುಂಬಿರುವುದುಂಟು. ಆಗ ಆನೆಗಳು ಪಕ್ಕದ ಕೌಡುಲ್ಲಕ್ಕೋ ಹುರುಲು ಕಾಡಿಗೋ ಸರಿಯುತ್ತವೆ. ಆದ್ದರಿಂದ ಜೀಪು ಮಾತಾಡುವ ಮುಂಚೆ, ಇವತ್ತು ಆನೆ ಎಲ್ಲಿವೆ ಅಂತ ಟೀ ಅಂಗಡಿಯಲ್ಲಿ ವಿಚಾರಿಸಿ. ನಮ್ಮ ತೋಟದಲ್ಲಿ ಆನೆ ಅಂದರೆ ಮುರಿದ ಬಗನಿ ಮರ, ರಾತ್ರಿ ಪಟಾಕಿ. ಅಲ್ಲಿ ಅಷ್ಟು ಆನೆ ಒಟ್ಟಿಗೆ ಮೇಯುವುದನ್ನು ನೋಡುವಾಗ ಏನೋ ಕೊರತೆ ಅನ್ನಿಸಿತು. ಆಮೇಲೆ ಗೊತ್ತಾಯಿತು, ದಂತವೇ ಇಲ್ಲ! ಅಲ್ಲಿನ ಗಂಡಾನೆಗಳಲ್ಲಿ ನೂರಕ್ಕೆ ಹತ್ತಕ್ಕೂ ದಂತವಿರುವುದಿಲ್ಲ, ಉಳಿದವೆಲ್ಲ ಮಖನಾ. ರೈತರ ಗೋಳು ಮಾತ್ರ ಸೇಮ್. ಊರೂರಿಗೂ ಕರೆಂಟು ಬೇಲಿ.

ಧ್ವಜದಲ್ಲಿ ಸಿಂಹವಿದೆ, ಕಾಡಿನಲ್ಲಿಲ್ಲ. ಹುಲಿಯೂ ಇಲ್ಲ. ಹಾಗಾಗಿ ಚಿರತೆಯದೇ ಯಜಮಾನಿಕೆ. ಯಾಲ ಕಾಡಿನಲ್ಲಿ ಬಂಡೆ ಮೇಲೆ ನಿರಾಳವಾಗಿ ಬಿದ್ದುಕೊಂಡಿರುತ್ತದೆ. ಯಾಲದ ಜೀಪುಗಳ ಜಾತ್ರೆ ನನಗಂತೂ ಹಿಡಿಸಲಿಲ್ಲ. ವಿಲ್‌ಪತ್ತು ಕಾಡಿನಲ್ಲಿ ಗದ್ದಲ ಕಡಿಮೆ. ನೀಲಿ ತಿಮಿಂಗಿಲಕ್ಕೂ ಮಳೆಯದೇ ಲೆಕ್ಕ: ಡಿಸೆಂಬರ್‌ನಿಂದ ಏಪ್ರಿಲ್ ದಕ್ಷಿಣದ ಮಿರಿಸ್ಸ, ಮೇ ನಂತರ ಪೂರ್ವದ ತ್ರಿಕೋಣಮಲೆ.

ಇನ್ನು ಘಟ್ಟ. ಕ್ಯಾಂಡಿಯಲ್ಲಿ ಬುದ್ಧನ ಹಲ್ಲನ್ನು ಇಟ್ಟಿರುವ ದಂತಧಾತು ಮಂದಿರ ನೋಡಿ. ಭುಜ, ಮೊಣಕಾಲು ಮುಚ್ಚಿರಲಿ, ಬುದ್ಧನಿಗೆ ಬೆನ್ನು ಹಾಕಿ ಫೋಟೋ ಬೇಡ. ಹುಣ್ಣಿಮೆ ಬಂದರೆ ಪೋಯ ರಜೆ, ಮದ್ಯ ಮಾಂಸದ ಅಂಗಡಿ ಬಂದ್, ಬಿಳಿ ಬಟ್ಟೆಯವರ ಸಾಲು ದೇವಸ್ಥಾನದ ಕಡೆ. ಅಲ್ಲಿಂದ ರೈಲು. ಮಳೆಗಾಲದಲ್ಲಿ ಗುಡ್ಡ ಜರಿದು ದಾರಿ ನಿಲ್ಲುವುದುಂಟು, ಮೊದಲೇ ವಿಚಾರಿಸಿಕೊಳ್ಳಿ. ಪಟ್ಟಿಪೊಲ ದಾಟಿದ ಮೇಲೆ ಒಂದು ಸುರಂಗ ಬರುತ್ತದೆ, ಕಿಟಕಿ ಬಿಡಬೇಡಿ. ನಾವು ಒಳಹೊಕ್ಕಾಗ ಮಂಜು, ತುಂತುರು, ಸ್ವೆಟರ್. ಆಚೆ ಒಹಿಯ ಕಡೆ ಹೊರಬಿದ್ದಾಗ ಎಳೆಬಿಸಿಲು, ಒಣಗಾಳಿ. ಒಂದೇ ಬೆಟ್ಟ ಎರಡು ಹವಾಮಾನ ಇಟ್ಟುಕೊಂಡಿದೆ. ಆ ಒಣಗಾಳಿಗೇ ಊವ ಸೀಮೆಯ ಚಹಾಕ್ಕೆ ಜುಲೈನಿಂದ ಸೆಪ್ಟೆಂಬರ್‌ವರೆಗೆ ವಿಶೇಷ ಘಮ.

ಈ ಬೆಟ್ಟಗಳಲ್ಲಿ ಮೊದಲಿದ್ದದ್ದು ಕಾಫಿ ಅಂತ ಮರೆಯಬೇಡಿ, ನಾನಂತೂ ಮರೆಯಲಾರೆ. 1869ರಲ್ಲಿ ಎಲೆ ತುಕ್ಕು ರೋಗ ಕಾಣಿಸಿತು. ಇಪ್ಪತ್ತು ವರ್ಷದಲ್ಲಿ ಕಾಫಿಯ ಕಥೆ ಮುಗಿಯಿತು. ಜೇಮ್ಸ್ ಟೇಲರ್ 1867ರಲ್ಲೇ ಲೂಲ್‌ಕಂದುರದಲ್ಲಿ 19 ಎಕರೆ ಚಹಾ ಹಾಕಿದ್ದ, ಆಮೇಲೆ ಎಲ್ಲರೂ ಅವನ ದಾರಿ ಹಿಡಿದರು. ನನ್ನ ಕಾಫಿಗೆ ರೋಗ ಬರದಂತೆ ಬೋರ್ಡೋ ದ್ರಾವಣ ಹೊಡೆಯುವ ದಿನ ನನಗೆ ಈಗಲೂ ಆ ಕಾಫಿಯ ಕಥೆ ನೆನಪಾಗುತ್ತದೆ.

ಕಾಫಿ ಹೋಯಿತು, ಅದಕ್ಕಾಗಿ ಬ್ರಿಟಿಷರು ತಮಿಳುನಾಡಿನಿಂದ ತಂದ ಜನ ಉಳಿದರು. ದೇಶದ ಸುಮಾರು 2.2 ಕೋಟಿ ಜನರಲ್ಲಿ ನೂರಕ್ಕೆ 75ರಷ್ಟು ಸಿಂಹಳೀಯರು. ಉಳಿದವರು ಉತ್ತರ, ಪೂರ್ವದ ತಮಿಳರು, ಮುಸ್ಲಿಮರು, ಈ ಮಲೆನಾಡಿನ ತಮಿಳರು. ಉತ್ತರದ ಯುದ್ಧ 2009ಕ್ಕೆ ನಿಂತರೂ ಗಾಯ ಮಾಯ್ದಿಲ್ಲ. ಅದರ ಮಾತು ಅವರೇ ಎತ್ತಿದರೆ ಕೇಳಿ, ನೀವಾಗಿ ಕೆದಕಬೇಡಿ. ಮಲೆನಾಡಿನವರ ಕಥೆ ನಮಗೆ ಹತ್ತಿರದ್ದು. 1948ರ ಪೌರತ್ವ ಕಾನೂನು ಅವರಲ್ಲಿ ಬಹುತೇಕರನ್ನು ಯಾವ ದೇಶದವರೂ ಅಲ್ಲದಂತೆ ಮಾಡಿತು. 1964ರಲ್ಲಿ ನಮ್ಮ ಪ್ರಧಾನಿ ಶಾಸ್ತ್ರಿ ಮತ್ತು ಅಲ್ಲಿನ ಪ್ರಧಾನಿ ಸಿರಿಮಾವೋ ಬಂಡಾರನಾಯಕೆ ಒಪ್ಪಂದ ಮಾಡಿಕೊಂಡು 5,25,000 ಜನರನ್ನು ಭಾರತದ ಪಾಲಿಗೆ ಹಾಕಿದರು. ಹಾಗೆ ಬಂದವರಲ್ಲಿ ಕೆಲವರು ನಮ್ಮ ಸುಳ್ಯ, ಪುತ್ತೂರಿನ ರಬ್ಬರ್ ತೋಟಗಳಿಗೂ ಬಂದರು. ಹ್ಯಾಟನ್ ಹತ್ತಿರ ಚಹಾ ಸೊಪ್ಪು ಕೀಳುತ್ತಿದ್ದ ಒಬ್ಬ ಅಜ್ಜಿಗೆ, ಆಳುಗಳ ಜೊತೆ ಕಲಿತ ನನ್ನ ಹರಕು ತಮಿಳಿನಲ್ಲಿ ಕರ್ನಾಟಕ ಅಂದೆ. ಬುಟ್ಟಿ ಇಳಿಸಿ, "ಪುತ್ತೂರು ಗೊತ್ತಾ? ನಮ್ಮಕ್ಕನನ್ನು ಅಲ್ಲಿಗೆ ಕಳಿಸಿದರು" ಅಂದಳು. ಅವಳಿದ್ದ ಮನೆಗೂ ನಮ್ಮ ಎಸ್ಟೇಟುಗಳಲ್ಲಿ ಆಳುಗಳಿರುವ ಲೈನ್ ಮನೆಗೂ ಹೆಂಚಿನಷ್ಟೂ ವ್ಯತ್ಯಾಸವಿಲ್ಲ.

ಊಟಕ್ಕೆ ಭಯ ಬೇಡ. ಇಡಿಯಾಪ್ಪ ನಮ್ಮ ಒತ್ತು ಶಾವಿಗೆ, ಪೊಲೊಸ್ ಅಂದರೆ ಗುಜ್ಜೆ ಪಲ್ಯ, ಕಿತುಲ್ ಅಂದರೆ ಅದೇ ಬಗನಿ. ಅದರ ಜೋನಿ ಬೆಲ್ಲವನ್ನು ಮಣ್ಣಿನ ಕುಡಿಕೆಯ ಎಮ್ಮೆ ಮೊಸರಿಗೆ ಸುರಿದು ಕೊಡುತ್ತಾರೆ, ನಾನು ದಿನಕ್ಕೆ ಎರಡು ಕುಡಿಕೆ ಮುಗಿಸಿದೆ. ಸಸ್ಯಾಹಾರಿಗಳು ಒಂದು ಪದ ಕಲಿತಿರಿ: ಉಂಬಲಕಡ. ಒಣಮೀನಿನ ಚೂರು, ತೆಂಗಿನ ಚಟ್ನಿಯಂಥ ಸಂಬೋಲಕ್ಕೂ ಹಾಕಿರುತ್ತಾರೆ.

ಕೊನೆಗೆ ಸಿಂಹರಾಜ ಕಾಡಿಗೆ ಎರಡು ದಿನ ಕೊಡಿ. ನಮ್ಮ ಘಟ್ಟದ ಒಡಹುಟ್ಟಿದ ಕಾಡು ಅದು. ಇಂಬಳ ಹತ್ತದಂತೆ ಹಾಕುವ ಕಾಲುಚೀಲ ಬಾಡಿಗೆಗೆ ಸಿಗುತ್ತದೆ. ನಾನು ಊರಿಂದಲೇ ನಶ್ಯದ ಪೊಟ್ಟಣ ಒಯ್ದಿದ್ದೆ. ಹಕ್ಕಿಗಳು ಅಲ್ಲಿ ಬೇರೆಬೇರೆ ಜಾತಿಯವೆಲ್ಲ ಒಂದೇ ದಂಡಾಗಿ ಬರುತ್ತವೆ. ಅರ್ಧ ಗಂಟೆ ಏನೂ ಇಲ್ಲ, ಆಮೇಲೆ ಎಲ್ಲಿ ನೋಡಲಿ ಅನ್ನುವಷ್ಟು. ಓಡಾಡದೆ ಒಂದು ಕಡೆ ನಿಲ್ಲಿ.

ವಾಪಸ್ಸು ಬರುವಾಗ ಗಾಲೆ ಕಡೆಯ ಹಳ್ಳಿಯಲ್ಲಿ ಚಕ್ಕೆ ಸುಲಿಯುವವರನ್ನು ನೋಡಿದೆವು. ಕೋಲಿನ ಹೊರಸಿಪ್ಪೆ ಹೆರೆದು, ಹಿತ್ತಾಳೆ ಸರಳಿನಿಂದ ಉಜ್ಜಿ ತೊಗಟೆ ಸಡಿಲಿಸಿ, ಬಾಗಿದ ಚೂರಿಯಿಂದ ಹಾಳೆಯ ಹಾಗೆ ಬಿಡಿಸುತ್ತಾರೆ. ತುಂಡುಗಳನ್ನು ಒಳಗೆ ತುರುಕಿ 42 ಇಂಚಿನ ಸುರುಳಿ ಮಾಡಿ ನೆರಳಲ್ಲಿ ಒಣಗಿಸುವುದು. ಕೊಳ್ಳುವುದಾದರೆ ಅಲ್ಲೇ ಕೊಳ್ಳಿ, ಸಸಿ ಮಾತ್ರ ತರುವ ಹಾಗಿಲ್ಲ. ನಾನು ಮೂರು ಸುರುಳಿ ತಂದೆ. ಎರಡು ಪಲಾವಿಗೆ ಹೋದವು, ಮೂರನೆಯದು ಮಳೆಮಾಪಕದ ಪಕ್ಕ, ಇಂಚು ಬರೆಯುವ ಪುಸ್ತಕದ ಮೇಲಿದೆ.