ಬೆಂಡಿನ ಗಾಳಕ್ಕೆ ಜೀವಂತ ಮರಿಮೀನು: ಯಾವ ಗಾಳ, ಎಲ್ಲಿ ಚುಚ್ಚಬೇಕು

ಹಿಡಿಯೋದು ಕೊರವ (ಹಾವಿನಂಥ ತಲೆಯ ಬೇಟೆಮೀನು), ಹಾಗಾಗಿ ಗಾಳವೂ ದೊಡ್ಡದಿರಲಿ ಅಂತ 5/0 ಅಳತೆಯದ್ದು ಕೊಳ್ಳುವವರೇ ಜಾಸ್ತಿ. ಆ ಭಾರಕ್ಕೆ ಎರೆಯಾಗಿ ಚುಚ್ಚಿದ ಎರಡಿಂಚಿನ ಪಕ್ಕೆ ಮೀನು ಸ್ವಲ್ಪ ಹೊತ್ತಲ್ಲೇ ಹೊಟ್ಟೆ ಮೇಲೆ ಮಾಡಿ ತೇಲುತ್ತೆ. ಓಡಾಡೋ ಮೀನಿಗೆ ಬೀಳುವ ಕೊರವ, ತೇಲೋ ಹೆಣಕ್ಕೆ ಅಷ್ಟು ಸುಲಭವಾಗಿ ಬಾಯಿ ಹಾಕಲ್ಲ. ಗಾಳದ ಅಳತೆ ತಗೋಬೇಕಾದ್ದು ಚುಚ್ಚುವ ಮರಿ ನೋಡಿ.

ನಂಬರ್ ಲೆಕ್ಕ ಉಲ್ಟಾ: 6ಕ್ಕಿಂತ 4 ದೊಡ್ಡದು, 4ಕ್ಕಿಂತ 1 ದೊಡ್ಡದು. 1 ಆದಮೇಲೆ 1/0, 2/0 ಅಂತ ಏರುತ್ತೆ. ಎರಡಿಂಚಿನ ಮರಿಗೆ 4, ಮೂರಿಂಚಿಗೆ 1 ಅಥವಾ 1/0, ನಾಲ್ಕಿಂಚು ದಾಟಿದರೆ 2/0 ಸಾಕು. ತೆಳು ತಂತಿಯ ಗಾಳ ಮರಿಗೆ ಕಡಿಮೆ ಗಾಯ ಮಾಡುತ್ತೆ, ಆದರೆ ದೊಡ್ಡ ಬಾಳೆಮೀನು ಬಿದ್ದರೆ ನೆಟ್ಟಗಾಗಿಬಿಡಬಹುದು. ಬಾಳೆಗೆ ದಪ್ಪ ತಂತಿಯದ್ದೇ ಇರಲಿ. ಮೊನೆಯನ್ನು ಹೆಬ್ಬೆರಳ ಉಗುರಿನ ಮೇಲೆ ಮೆಲ್ಲಗೆ ಎಳೆದು ನೋಡಿ: ಜಾರಿದರೆ ಮೊಂಡು, ಕಚ್ಚಿ ನಿಂತರೆ ಸರಿ. ಮೂರು ಕವಲಿನ ಗಾಳ ಬೇಡ, ಜೊಂಡಿಗೆ ಮೊದಲು ಸಿಕ್ಕೋದೇ ಅದು.

ನಿಂತ ನೀರಿನಲ್ಲಿ, ಅಂದರೆ ಸೂಳೆಕೆರೆಯಂಥ ಕೆರೆಯಲ್ಲಿ, ಬೆನ್ನಿಗೆ ಚುಚ್ಚೋದು ಒಳ್ಳೇದು. ಕೈ ಒದ್ದೆ ಮಾಡ್ಕೊಂಡೇ ಮರಿ ಹಿಡೀಬೇಕು. ಒಣ ಕೈಗೆ ಮೈಮೇಲಿನ ಲೋಳೆ ಕಿತ್ತು ಬರುತ್ತೆ, ಆಮೇಲೆ ಅದು ಹೆಚ್ಚು ಹೊತ್ತು ಬಾಳಲ್ಲ. ಬೆನ್ನಿನ ರೆಕ್ಕೆಯ ಬುಡದಲ್ಲಿ, ಅದರ ಹಿಂದಿನ ತುದಿಗೆ ಸರಿಯಾಗಿ, ಮೊನೆಯನ್ನು ಈ ಪಕ್ಕದಿಂದ ಆ ಪಕ್ಕಕ್ಕೆ ದಾಟಿಸಿ. ಅಕ್ಕಿಕಾಳಿನಷ್ಟು ಮಾಂಸ ಸಿಕ್ಕರೆ ಸಾಕು. ಇನ್ನೂ ಕೆಳಗಿಳಿದರೆ ಬೆನ್ನುಮೂಳೆ ಸಿಗುತ್ತೆ. ತಗುಲಿದರೆ ಬಾಲದ ಬಡಿತ ಒಮ್ಮೆಲೇ ನಿಲ್ಲುತ್ತೆ, ಆ ಮರಿ ಕೆಲಸಕ್ಕೆ ಬರಲ್ಲ. ಗಾಳದ ಬಾಗಿನಲ್ಲಿ ಅರ್ಧಕ್ಕಿಂತ ಹೆಚ್ಚು ಜಾಗ ಖಾಲಿ ಇರಬೇಕು, ಇಲ್ಲದಿದ್ದರೆ ಎಳೆದಾಗ ಮೊನೆ ಮರಿಯೊಳಗೇ ಹೂತುಕೊಳ್ಳುತ್ತೆ.

ಹರಿಹರದ ಹತ್ತಿರ ತುಂಗಭದ್ರೆಯಲ್ಲಿ ಸೆಳವಿದ್ದಾಗ ಬೆನ್ನಿಗೆ ಚುಚ್ಚಿದ ಮರಿ ಅಡ್ಡ ತಿರುಗಿ ಗಿರಗಿರ ಸುತ್ತುತ್ತೆ. ಅಲ್ಲಿ ತುಟಿಗೇ ಚುಚ್ಚಿ: ಕೆಳತುಟಿಯಿಂದ ಮೇಲ್ತುಟಿಗೆ, ನೆತ್ತಿಯೊಳಗೆ ಹೋಗದ ಹಾಗೆ. ಮರಿ ನೀರಿಗೆ ಎದುರಾಗಿ ಈಜುತ್ತೆ.

ದಾರ ಕಟ್ಟುವ ಕ್ರಮ ಮೇಲಿನಿಂದ ಹೀಗೆ: ತಡೆಗಂಟು (ಬೆಂಡು ಅದಕ್ಕಿಂತ ಮೇಲೆ ಜಾರದಂತೆ), ಮಣಿ, ಜಾರುವ ಬೆಂಡು, ಸೀಸದ ಗುಂಡು, ಸ್ವಿವೆಲ್ (ದಾರ ಹುರಿಗಟ್ಟದಂತೆ ತಿರುಗುವ ಕೊಂಡಿ), ಒಂದಡಿ ದಾರ, ಗಾಳ. ಕೊರವಕ್ಕೆ 0.40 ಮಿ.ಮೀ. ತಂಗೂಸಿ (ನೈಲಾನ್ ದಾರ) ಸಾಕು. ಬಾಳೆಗೆ ಕೊನೆಯ ಒಂದಡಿ ಉಕ್ಕಿನ ತಂತಿಯಿರಲಿ, ಅದರ ಹಲ್ಲಿಗೆ ತಂಗೂಸಿ ಲೆಕ್ಕಕ್ಕಿಲ್ಲ. ನವಿಲುಗರಿ ಕಡ್ಡಿಯ ಬೆಂಡು ಎರೆಹುಳಕ್ಕೆ ಚೆಂದ, ಮರಿಮೀನಿಗಲ್ಲ; ಮರಿಯೇ ಅದನ್ನು ಮುಳುಗಿಸಿ, ಮೀನು ಬಿತ್ತೇನೋ ಅಂತ ನಮ್ಮನ್ನು ಸುಮ್ಮನೆ ಎಬ್ಬಿಸುತ್ತೆ. ಹಾಗಂತ ನಿಂಬೆಹಣ್ಣಿನಷ್ಟು ದೊಡ್ಡ ಥರ್ಮೋಕೋಲ್ ಹಾಕಿದರೆ ಕೊರವ ಎಳೆತದ ಭಾರ ತಿಳಿದು ಉಗುಳಿಬಿಡುತ್ತೆ. ಮರಿ ಎಳೆದಾಗ ಬೆಂಡು ಅಲ್ಲಾಡಬೇಕು, ಮುಳುಗಬಾರದು. ಮೂರಿಂಚಿನ ಮರಿಗೆ 3ರಿಂದ 5 ಗ್ರಾಂ ಸೀಸದಿಂದ ಶುರು ಮಾಡಿ, ಬಕೆಟ್‌ನಲ್ಲೇ ನೋಡಿ ಹೆಚ್ಚುಕಡಿಮೆ ಮಾಡ್ಕೊಳ್ಳಿ.

ಕೊರವ ಗಾಳಿ ಕುಡಿಯಲು ಮೇಲೆ ಬರುವ ಮೀನು, ಜೊಂಡಿನ ಅಂಚಲ್ಲಿ ಒಂದೂವರೆ ಎರಡಡಿ ಆಳ ಸಾಕು. ಬಾಳೆಗೆ ಕತ್ತಲಾಗುವ ಹೊತ್ತಿಗೆ ತಳದಿಂದ ಅರ್ಧ ಅಡಿ ಮೇಲೆ ಬಿಡಿ.

ಬೆಂಡು ಮುಳುಗಿದ ತಕ್ಷಣ ಜಗ್ಗಿದರೆ ಅರ್ಧ ಮರಿ ಮಾತ್ರ ವಾಪಸ್ ಬರುತ್ತೆ. ಕೊರವ ಮೊದಲು ಅಡ್ಡ ಕಚ್ಚಿ, ಆಮೇಲೆ ತಲೆ ಕಡೆಯಿಂದ ನುಂಗುತ್ತೆ. ಬೆಂಡು ಒಂದೇ ದಿಕ್ಕಿಗೆ ಸಾಗಲು ಶುರುವಾದಾಗ ಸಡಿಲ ದಾರ ಸುತ್ತಿ, ಭಾರ ಸಿಕ್ಕ ಕೂಡಲೇ ಎತ್ತಿ. ಸರ್ಕಲ್ ಗಾಳವಾದರೆ (ಮೊನೆ ಒಳಕ್ಕೆ ಬಾಗಿರುವ ದುಂಡನೆಯ ಗಾಳ) ಜಗ್ಗಲೇಬಾರದು. ಸುತ್ತುತ್ತಾ ಹೋದರೆ ಬಾಯಂಚಿಗೆ ತಾನೇ ಕೂರುತ್ತೆ.

ಮರಿ ಇಟ್ಟುಕೊಳ್ಳಲು ಹತ್ತು ಲೀಟರ್ ಬಕೆಟ್‌ಗೆ ಹತ್ತು ಹನ್ನೆರಡು ಸಾಕು. ನಲ್ಲಿ ನೀರಿನ ಕ್ಲೋರಿನ್ ಕೊಲ್ಲುತ್ತೆ, ಕೆರೆ ನೀರನ್ನೇ ತುಂಬಿ. ಚಿತ್ರದುರ್ಗ ಕಡೆಯ ಏಪ್ರಿಲ್ ಬಿಸಿಲಿಗೆ ಬಕೆಟ್ ನೀರು ಕಾದು ಉಸಿರು ಕಟ್ಟುತ್ತೆ; ಒದ್ದೆ ಗೋಣಿಚೀಲ ಹೊದಿಸಿ ನೆರಳಲ್ಲಿಡಿ, ಬ್ಯಾಟರಿ ಏರ್ ಪಂಪ್ ಇದ್ದರೆ ಇನ್ನೂ ಒಳ್ಳೇದು. ಮರಿಗಳೆಲ್ಲ ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ಅರ್ಧ ನೀರು ಬದಲಿಸಿ. ಜಿಲೇಬಿ (ತಿಲಾಪಿಯಾ) ಮರಿ ಉಳಿದರೆ ಬೇರೆ ಕೆರೆಗೆ ಸುರಿಯಬೇಡಿ. ಕೆರೆ ಗುತ್ತಿಗೆಗೆ ಹೋಗಿದೆಯಾ ಅಂತ ಮೊದಲೇ ವಿಚಾರಿಸಿ. ಮಳೆಗಾಲದಲ್ಲಿ ಕೊರವದ ಕೆಂಪು ಮರಿಗಳ ಗುಂಪು ನೀರಿನ ಮೇಲೆ ಕುದಿಯುವಂತೆ ಕಂಡರೆ ಅಲ್ಲಿ ಗಾಳ ಹಾಕಬೇಡಿ. ಕೆಳಗೆ ಕಾಯುತ್ತಿರೋದು ಅವುಗಳ ಅಪ್ಪ ಅಮ್ಮ, ಅವು ಹೋದರೆ ಆ ಗುಂಪು ಬೇರೆ ಮೀನುಗಳ ಪಾಲು.