ಒಂದೇ ಡ್ರೈವರ್, ಎರಡು ಬಸ್: ಎಡಿಎಕ್ಸ್‌ಎಲ್345 ಜೊತೆ ನನ್ನ ಅನುಭವ

ಎಡಿಎಕ್ಸ್‌ಎಲ್345 ಆಕ್ಸೆಲೆರೋಮೀಟರನ್ನು (ವೇಗೋತ್ಕರ್ಷ ಅಳೆಯುವ ಚಿಪ್) ಐ2ಸಿಗೂ ಜೋಡಿಸಬಹುದು, ಎಸ್‌ಪಿಐಗೂ ಜೋಡಿಸಬಹುದು; ಇವೆರಡೂ ಚಿಪ್ ಮತ್ತು ಪ್ರೊಸೆಸರ್ ಮಾತಾಡಿಕೊಳ್ಳುವ ತಂತಿ ದಾರಿಗಳು, ಅಂದರೆ ಬಸ್‌ಗಳು. ಲಿನಕ್ಸ್ ಕರ್ನಲ್‌ನಲ್ಲೇ (ಆಪರೇಟಿಂಗ್ ಸಿಸ್ಟಂನ ತಿರುಳು) ಇದಕ್ಕೆ ಡ್ರೈವರ್, ಅಂದರೆ ಚಿಪ್ ನಡೆಸುವ ಕೋಡ್, ಇದೆ. ಆದರೆ ನಮ್ಮ ಬೋರ್ಡ್‌ನಲ್ಲಿ ಓಡುತ್ತಿದ್ದದ್ದು ಹಿಂದೆ ಯಾರೋ ಬರೆದ, ಐ2ಸಿ ಮಾತ್ರ ಗೊತ್ತಿದ್ದ ಡ್ರೈವರ್. ಹೊಸ ಬೋರ್ಡ್‌ಗೆ ಎಸ್‌ಪಿಐ ಬೇಕಿತ್ತು.

ಫೈಲ್ ಕಾಪಿ ಮಾಡಿ ಎರಡು ಡ್ರೈವರ್ ಇಟ್ಟುಕೊಳ್ಳಬಹುದಿತ್ತು, ಆಮೇಲೆ ಒಂದು ಬಗ್ ಬಂದರೆ ಎರಡು ಕಡೆ ಸರಿಮಾಡುತ್ತಾ ಕೂರಬೇಕು ಅಲ್ವಾ? ಹಾಗಾಗಿ ಮೂರು ಫೈಲ್ ಮಾಡಿದೆ: ಕೋರ್, ಐ2ಸಿ, ಎಸ್‌ಪಿಐ. ರಿಜಿಸ್ಟರ್ (ಚಿಪ್ ಒಳಗಿನ ಪುಟ್ಟ ಮೆಮೊರಿ ಜಾಗ), ಸ್ಕೇಲ್ (ಓದಿದ ಅಂಕಿಯನ್ನು ಅಳತೆಗೆ ಬದಲಿಸುವ ಗುಣಕ), ಇಂಟರಪ್ಟ್ (ಚಿಪ್ ಕಳಿಸುವ ಸೂಚನೆ) ಎಲ್ಲ ಕೋರ್‌ನಲ್ಲಿ. ಅದಕ್ಕೆ ಶುರುವಿನಲ್ಲಿ ಕೊಟ್ಟದ್ದು ಒಂದು ಡಿವೈಸ್ ಪಾಯಿಂಟರ್ (ಯಾವ ಸಾಧನ ಅಂತ ತೋರಿಸುವುದು), ಒಂದು ರೆಗ್‌ಮ್ಯಾಪ್ (ಬಸ್ ಯಾವುದಾದರೂ ರಿಜಿಸ್ಟರ್ ಓದಿ ಬರೆಯಲು ಕರ್ನಲ್ ಕೊಡುವ ಸೌಲಭ್ಯ), ಅಷ್ಟೇ. ರೆಗ್‌ಮ್ಯಾಪ್ 2011ರಲ್ಲಿ, ಕರ್ನಲ್ 3.1ರ ಹೊತ್ತಿಗೇ ಬಂದಿದೆ. ಇಂಥ ಕೆಲಸಕ್ಕೆ ಸ್ವಂತ ರೀಡ್-ರೈಟ್ ಫಂಕ್ಷನ್ ಬರೆಯುವುದು ಸುಮ್ನೆ ಶ್ರಮ.

ಐ2ಸಿ ಫೈಲ್ ಪುಟ್ಟದು. ಎಸ್‌ಪಿಐನಲ್ಲಿ ಸ್ವಲ್ಪ ನೋಡಿಕೊಳ್ಳಬೇಕು. ಮೋಡ್ 3 (ಎಸ್‌ಪಿಐ ಕ್ಲಾಕ್‌ನ ನಾಲ್ಕು ರೀತಿಗಳಲ್ಲಿ ಒಂದು) ಬೇಕು. ಓದುವಾಗ ರಿಜಿಸ್ಟರ್ ವಿಳಾಸ ಕಳಿಸುವ ಬೈಟ್‌ನಲ್ಲಿ ಬಿಟ್ 7 ಒಂದಾಗಿರಬೇಕು, ಒಂದಕ್ಕಿಂತ ಜಾಸ್ತಿ ಬೈಟ್ ಓದುವುದಾದರೆ ಬಿಟ್ 6 ಕೂಡ. ರೆಗ್‌ಮ್ಯಾಪ್‌ನ ರೀಡ್ ಫ್ಲ್ಯಾಗ್ ಮಾಸ್ಕ್‌ನಲ್ಲಿ (ಓದುವಾಗ ವಿಳಾಸಕ್ಕೆ ಸೇರಿಸುವ ಬಿಟ್‌ಗಳು) ಎರಡನ್ನೂ ಹಾಕಿದರೆ ಎಕ್ಸ್, ವೈ, ಝಡ್‌ನ ಆರು ಬೈಟ್ ಒಟ್ಟಿಗೆ ಸಿಗುತ್ತವೆ. ಸೊನ್ನೆಯ ರಿಜಿಸ್ಟರ್ ಓದಿ ಹೆಕ್ಸ್ ಇ5 (ಈ ಚಿಪ್‌ನ ಗುರುತಿನ ಸಂಖ್ಯೆ) ಬಂತು ಅಂತ ಖುಷಿಪಡಬೇಡಿ, ಅದು ಒಂದೇ ಬೈಟ್. ಬಿಟ್ 6 ಬಿಟ್ಟುಹೋಗಿದ್ದರೂ ಅದು ಸರಿಯಾಗೇ ಬರುತ್ತದೆ.

ನಿಜವಾದ ತಲೆನೋವು ಸ್ಯಾಂಪಲ್ ರೇಟ್, ಅಂದರೆ ಸೆಕೆಂಡಿಗೆ ಎಷ್ಟು ಸಲ ಅಳೆಯುವುದು ಅನ್ನುವುದು. 400 ಕಿಲೋಹರ್ಟ್ಜ್ ಐ2ಸಿಯಲ್ಲಿ ಈ ಚಿಪ್‌ನ ಮಿತಿ ಸೆಕೆಂಡಿಗೆ 800 ಸ್ಯಾಂಪಲ್. 1600, 3200 ಬೇಕಿದ್ದರೆ ಎಸ್‌ಪಿಐ ಬೇಕು, ಅದರ ಕ್ಲಾಕ್ ಕೂಡ ಕನಿಷ್ಠ 2 ಮೆಗಾಹರ್ಟ್ಜ್ ಇರಬೇಕು. ಅಂದರೆ ಬಸ್‌ನ ವಿಷಯ ಕೋರ್‌ವರೆಗೂ ಬಂದೇ ಬರುತ್ತದೆ. 'ಕೋರ್‌ನಲ್ಲೇ ಒಂದು ಇಫ್ ಹಾಕಿ ಯಾವ ಬಸ್ ಅಂತ ಕೇಳಿಬಿಡು' ಅಂದರು ಜೊತೆಯವರು. ನಾನು ಒಪ್ಪಲಿಲ್ಲ. ಹಾಗೆ ಒಂದು ಇಫ್ ಬಂದರೆ ಅದರ ಹಿಂದೆ ಇನ್ನೂ ನಾಲ್ಕು ಬರುತ್ತವೆ, ಮೇಲಾಗಿ ಇಲ್ಲಿ ಬಸ್‌ನ ಹೆಸರು ಗೊತ್ತಾದರೂ ಸಾಲದು, ವೇಗವೂ ಗೊತ್ತಾಗಬೇಕು. ಹಾಗಾಗಿ ಈಗ ಪ್ರೋಬ್ ಆಗುವಾಗ (ಡ್ರೈವರ್ ಚಿಪ್‌ಗೆ ಹೊಂದಿಕೊಂಡು ಶುರುವಾಗುವ ಹಂತ) ಗರಿಷ್ಠ ರೇಟನ್ನೂ ಆಯಾ ಬಸ್ ಫೈಲೇ ಕೋರ್‌ಗೆ ಕೊಡುತ್ತದೆ. ಎಸ್‌ಪಿಐ ಫೈಲ್ ಕ್ಲಾಕ್ ನೋಡಿ, 2 ಮೆಗಾಹರ್ಟ್ಜ್‌ಗಿಂತ ಕಡಿಮೆ ಇದ್ದರೆ ಅದೂ 800 ಅಂತಲೇ ಹೇಳುತ್ತದೆ.

ಕೆಕಾನ್ಫಿಗ್‌ನಲ್ಲಿ (ಕರ್ನಲ್‌ಗೆ ಏನೇನು ಸೇರಬೇಕು ಅಂತ ಆರಿಸುವ ವ್ಯವಸ್ಥೆ) ಕೋರ್ ಆಯ್ಕೆ ಕಾಣಿಸುವುದಿಲ್ಲ, ಬಸ್‌ನ ಆಯ್ಕೆಗಳೇ ಅದನ್ನು ಸೆಲೆಕ್ಟ್ ಮಾಡುತ್ತವೆ. ಇನ್ನೊಂದು ವಿಷಯ: ಡಿವೈಸ್ ಟ್ರೀಯ (ಬೋರ್ಡ್‌ನಲ್ಲಿ ಯಾವ ಚಿಪ್ ಎಲ್ಲಿದೆ ಅನ್ನುವ ವಿವರಣೆ) ಮ್ಯಾಚ್ ಟೇಬಲ್ ಇದ್ದರೂ ಎಸ್‌ಪಿಐಗೆ ಅದರದ್ದೇ ಐಡಿ ಟೇಬಲ್ (ಡ್ರೈವರ್‌ಗೆ ಹೊಂದುವ ಚಿಪ್‌ಗಳ ಹೆಸರಿನ ಪಟ್ಟಿ) ಕೂಡ ಬರೆಯಿರಿ. ಕರ್ನಲ್‌ನ ಎಸ್‌ಪಿಐ ಭಾಗ ಯೂಡೆವ್‌ಗೆ (ಸಾಧನ ಕಂಡಾಗ ಸರಿಯಾದ ಮಾಡ್ಯೂಲ್ ಲೋಡ್ ಮಾಡಿಸುವ ಪ್ರೋಗ್ರಾಂ) ಕಳಿಸುವುದು ಎಸ್‌ಪಿಐ ಅಂತ ಶುರುವಾಗುವ ಹೆಸರನ್ನು. ಆ ಟೇಬಲ್ ಇಲ್ಲದಿದ್ದರೆ ಮಾಡ್ಯೂಲ್ ತಾನಾಗಿ ಲೋಡ್ ಆಗುವುದಿಲ್ಲ, ಕೈಯಿಂದ ಮಾಡ್‌ಪ್ರೋಬ್ (ಮಾಡ್ಯೂಲ್ ಲೋಡ್ ಮಾಡುವ ಕಮಾಂಡ್) ಹೊಡೆದರೆ ಮಾತ್ರ ಆಗುತ್ತದೆ.